ಒಡ್ಡಿನ ಹಾಲು

ಒಡ್ಡಿನ ಬುಡದ ಆ ನೀರಿಗೆ ಹಾಲು ಎಂದು ಮೊದಲು ಹೆಸರಿಟ್ಟವರು ಯಾರು ಎಂದು ಕೇಳಿದರೆ ಹಳ್ಳದಕೊಪ್ಪದಲ್ಲಿ ಈಗ ಯಾರೂ ಬಾಯಿ ಬಿಡುವುದಿಲ್ಲ. ಆಗ ಮಾತ್ರ ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಕರೆವ್ವನ ಬಾಯಲ್ಲಂತೂ ಅದು ಬರೀ ಹಾಲೂ ಅಲ್ಲ, ಹಾಲವ್ವ. ಹೆಸರು ಹೇಳುವಾಗ ಒಂದು ಸಲ ಕೈಮುಗಿಯದೆ ಮುಂದಿನ ಮಾತು ಆಡುತ್ತಿರಲಿಲ್ಲ.

ಊರು ಇರುವುದು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಗಾಡಿದಾರಿಯ ಪಕ್ಕ, ತಗ್ಗಿನಲ್ಲಿ. ಕಿತ್ತೂರಿನ ಕಡೆ ಮೋಡ ಕಟ್ಟಿತೆಂದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಹಳ್ಳ ಬರುತ್ತಿತ್ತು. ಬಂದದ್ದು ನೆಟ್ಟಗೆ ಕೆಳಗಿನ ಓಣಿಗೆ ನುಗ್ಗಿ, ನೆಲದೊಳಗಿನ ಹಗೇವಿನ ಜೋಳ ತೋಯಿಸಿ, ಗೂಟಕ್ಕೆ ಕಟ್ಟಿದ ಕರುಗಳನ್ನು ಎಳೆದುಕೊಂಡು ಹೋಗುತ್ತಿತ್ತು. ದೊಡ್ಡ ಬರ ಬಿದ್ದಾಗ ಸರಕಾರ ಹಸಿದ ಜನಕ್ಕೆ ಕೂಳಿಗಾಗಿ ಕೆಲಸ ಕೊಟ್ಟಿತಲ್ಲ, ಆಗ ಊರ ಮೇಲ್ಗಡೆ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಕಟ್ಟಿಸಿತು. ನೋಡಿರಿ ಚೋದ್ಯ! ಕುಡಿಯಲು ನೀರಿಲ್ಲದ ಜನ ನೆರೆ ತಡೆಯಲು ಮಣ್ಣು ಹೊತ್ತರು. ನಗು ಬರುವ ಮಾತೇ, ಆದರೆ ನಗಲು ಯಾರಿಗೂ ತ್ರಾಣ ಇರಲಿಲ್ಲ.

ಕರೆವ್ವ, ಅವಳ ಗಂಡ ಪರಸಪ್ಪ ಇಬ್ಬರೂ ಹೊತ್ತವರೇ. ಸುತ್ತ ಎಲ್ಲಿ ನೋಡಿದರೂ ಕರಿಯ ಎರೆಭೂಮಿ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಾಗಾದರೆ ಒಡ್ಡಿನ ಹೊಟ್ಟೆಯೊಳಗೆ ಏನು ತುಂಬುವುದು ಎಂಬ ಮಾತು ಬಂದಾಗ ಊರ ಹಿರಿಯರೇ ಹಾಳಮಣ್ಣು ಎಂದರು. ಹಾಳುಬಿದ್ದ ಹಳೆಯೂರಿನ ದಿಬ್ಬದಿಂದ ಅಗೆದು ತರುವ ಬಿಳಿ ಮಣ್ಣು ಅದು. ಮಾಳಿಗೆ ಮನೆಗಳ ಮೇಲೆ ಹಾಸುವುದೂ ಅದನ್ನೇ. ತಲೆಯ ಮೇಲಿನ ಮಳೆಯನ್ನು ತಡೆಯುವ ಮಣ್ಣು ಹಳ್ಳದ ನೀರನ್ನು ತಡೆಯದೇ? ಕೆಲಸ ಮಾಡಿಸುವವರೂ ಒಪ್ಪಿದರು. ಮಾಳಿಗೆಗಾದರೆ ವರ್ಷಾ ವರ್ಷಾ ಹೊಸ ಮಣ್ಣು ಹಾಕುತ್ತೇವೆ, ಒಡ್ಡಿನ ಹೊಟ್ಟೆಗೆ ಯಾರು ಹಾಕುತ್ತಾರೆ ಎಂಬುದು ಮಾತ್ರ ಆಗ ಒಬ್ಬರಿಗೂ ಹೊಳೆಯಲಿಲ್ಲ.

ಬುಟ್ಟಿಯ ಸಂದಿನಿಂದ ಸೋರಿದ ಮಣ್ಣು ಕರೆವ್ವನ ಬೆವರಿನಲ್ಲಿ ಕಲೆತು ಹಣೆಯಿಂದ ಗದ್ದದ ತನಕ ಬೆಳ್ಳಗೆ ಇಳಿಯುತ್ತಿತ್ತು. ಪರಸಪ್ಪ ಹಸಿದ ಹೊಟ್ಟೆಯಲ್ಲೂ ಚೇಷ್ಟೆ ಬಿಡುವವನಲ್ಲ.

"ಏನವಾ ಗೌಳ್ಯಾರಾಕಿ, ಗಡಿಗ್ಯಾಗಿನ ಹಾಲು ತುಳಕಾಕ ಹತ್ತೈತಲ್ಲ! ನನಗಷ್ಟು ಹಾಕು," ಎನ್ನುತ್ತಿದ್ದ.

"ಬಾಯಿ ತೆರಿ, ಹಾಕತೇನಿ. ಮಣ್ಣು ತಿಂದರ ಹೊಟ್ಟಿ ತಣ್ಣಗಾಗತೈತಿ," ಎಂದು ಅವಳೂ ತಿರುಗಿ ಕೊಡುತ್ತಿದ್ದಳು. ಪಕ್ಕದಲ್ಲಿ ಮಗಳು ಸತ್ಯವ್ವ, ಆಗಿನ್ನೂ ಲಂಗದ ಹುಡುಗಿ, ಬೇರೆ ಮಕ್ಕಳ ಜೊತೆ ಆ ಬಿಳಿ ಕೆಸರನ್ನು ತುಳಿಯುತ್ತಿದ್ದಳು.

ಒಡ್ಡು ನಿಂತಿತು. ಬರ ಹೋಯಿತು. ಹಳ್ಳ ಬಂದರೂ ಊರೊಳಗೆ ಬರುವುದು ನಿಂತಿತು. ಸತ್ಯವ್ವ ದೊಡ್ಡವಳಾಗಿ ರಾಮದುರ್ಗದ ಬೀರಪ್ಪನನ್ನು ಮದುವೆಯಾಗಿ ಹೋದಳು. ಹಾಳಮಣ್ಣು ಹೊತ್ತದ್ದು, ಗೌಳ್ಯಾರಾಕಿ ಅನ್ನಿಸಿಕೊಂಡದ್ದು, ಎಲ್ಲವೂ ಬರದ ಜೊತೆಗೇ ಮರೆತುಹೋಯಿತು. ಮರೆಯದೆ ಮಾಡುವುದೇನು? ಬರಗಾಲವನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕೆಂದು ಬಯಸುತ್ತಾರೆಯೇ?

ಒಂದು ಬೇಸಿಗೆಯಲ್ಲಿ ಒಡ್ಡಿನ ಬುಡಕ್ಕೆ, ಊರ ಕಡೆಯ ಮಗ್ಗುಲಲ್ಲಿ, ಹಸಿರು ಹುಲ್ಲು ಕಾಣಿಸಿತು. ಆಮೇಲೆ ಬೆರಳು ದಪ್ಪದ ನೀರಿನ ಎಳೆ. ಕನ್ನಡಿಯಂಥ ತಿಳಿನೀರು. ಒಡ್ಡು ನೋಡಲು ಕುದುರೆ ಏರಿ ಬರುತ್ತಿದ್ದ ಓವರಸೀರ ಸಾಹೇಬ ಬಗ್ಗಿ ನೋಡಿ, ಒಡ್ಡಿನ ಕಾವಲಿಗಿದ್ದ ಲಗಮಣ್ಣನಿಗೆ ಒಂದು ಮಾತು ಹೇಳಿ ಹೋದ.

"ಮಣ್ಣಿನ ಒಡ್ಡು ಸ್ವಲ್ಪ ಜಿನುಗೂದ. ನೀರು ತಿಳಿ ಇರೂತನಕ ಅಂಜೂ ಕಾರಣ ಇಲ್ಲ. ರಾಡಿ ಬರಾಕ ಹತ್ತಿತೋ, ಒಡ್ಡಿನ ಹೊಟ್ಟಿ ಕೊರಿಯಾಕ ಹತ್ತೈತಿ ಅಂತ ತಿಳಿ. ತಡಾ ಮಾಡಬ್ಯಾಡ, ತೂಬು ತೆಗಿ, ನನಗ ಸುದ್ದಿ ಮುಟ್ಟಸು."

"ರಾಡಿ ಆದ್ರ ಹೇಳಿ ಕಳಸತೇನ್ರಿ ಸಾಹೇಬ್ರ," ಎಂದ ಲಗಮಣ್ಣ. ಆವತ್ತಿನಿಂದ ಬೆಳಗಾದರೆ ಅವನ ಮೊದಲ ಕೆಲಸ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುವುದು. ಜ್ವರ ಬಂದರೂ ತಪ್ಪಿಸಲಿಲ್ಲ. ಅವನನ್ನು ಬೈಯುವವರು ಇದನ್ನು ತಿಳಿದು ಬೈಯಬೇಕು.

ನೀರು ಹಾಲಾದದ್ದು ಸುಂದರವ್ವನಿಂದ. ಕೆಳಗಿನ ಓಣಿಯ ಹೆಂಗಸು ಅವಳು. ಎದೆಯ ಹಾಲು ನಿಂತು, ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊಲದಿಂದ ಬರುತ್ತಿದ್ದವಳು ಅಲ್ಲಿ ಕುಂತು ಹೊಟ್ಟೆತುಂಬ ನೀರು ಕುಡಿದಳಂತೆ. ಮನೆಗೆ ಬರುವಷ್ಟರಲ್ಲಿ ಕುಪ್ಪಸ ತೊಯ್ದಿತ್ತಂತೆ. ಸಾಕಲ್ಲ! ಮರುದಿನ ಯಾರೋ ಒಂದು ಕಲ್ಲು ನೆಟ್ಟರು, ಯಾರೋ ಕುಂಕುಮ ಹಚ್ಚಿದರು. ಹಾಲಿಲ್ಲದ ಬಾಣಂತಿಯರು ಬರತೊಡಗಿದರು. ಹೇಗೆ ನಡೆದುಕೊಳ್ಳಬೇಕೆಂಬುದೂ ತಾನಾಗಿ ಹುಟ್ಟಿತು: ಬಾಣಂತಿಯೇ ಹೋಗಬೇಕು, ಆ ನೀರನ್ನು ಎದೆಗೆ ಹಚ್ಚಿಕೊಂಡು ಗುಟುಕು ಕುಡಿಯಬೇಕು. ಹಾಲು ಬಂದ ಮೇಲೆ ಹಾಲವ್ವನಿಗೆ ಖಣ, ಕಾಯಿ, ಅಕ್ಕಿ, ಅರಿಷಿಣ ಬೇರು ಇಟ್ಟು ಉಡಿ ತುಂಬಬೇಕು. ಉಡಿ ತುಂಬಿ ಮುಗಿಯುವ ತನಕ ಹಿಂದಿನಿಂದ ಯಾರು ಕೂಗಿದರೂ ಹೊರಳಿ ನೋಡಬಾರದು. ನೋಡಿದರೆ ಬಂದ ಹಾಲು ಹಿಂದಕ್ಕೆ ಹೋಗುತ್ತದೆ.

ಕರೆವ್ವನಿಗೆ ಇದೆಲ್ಲ ಬರೀ ಕೇಳುವ ಮಾತಾಗಿತ್ತು, ಸತ್ಯವ್ವ ಎರಡನೆಯ ಬಾಣಂತನಕ್ಕೆ ತವರಿಗೆ ಬರುವ ತನಕ. ಮೊದಲನೆಯ ಕೂಸು ಹಿಂದಿನ ವರ್ಷ ರಾಮದುರ್ಗದಲ್ಲೇ ಹುಟ್ಟಿತ್ತು. ತಾಯಿಗೆ ಹಾಲಿರಲಿಲ್ಲ. ದನದ ಹಾಲು ಕುಡಿಸಿದರೆ ಕಾರಿಕೊಂಡು, ಸೊರಗಿ, ಅಳಲೂ ಆಗದೆ ಒಂದು ದಿನ ಸುಮ್ಮನಾಯಿತು. ಈಗ ಹುಟ್ಟಿದ್ದು ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿ ಮಾಯವ್ವ ಎಂದು ಹೆಸರಿಟ್ಟರು. ಹೆಸರಿಟ್ಟ ವಾರದಲ್ಲೇ ಸತ್ಯವ್ವನಿಗೆ ಜ್ವರ ಬಂತು, ಇದ್ದ ಹಾಲೂ ಬತ್ತಿತು. ಆಡಿನ ಹಾಲಿಗೆ ನೀರು ಬೆರೆಸಿ ಅರಿವೆಯ ಬತ್ತಿಯಿಂದ ಹಿಂಡಿದರೆ ಕೂಸು ಅರ್ಧ ಕುಡಿದು ಅರ್ಧ ಕಕ್ಕುತ್ತಿತ್ತು. ಅದರ ತೊಡೆಯ ಚರ್ಮ ಮುದುಕಿಯ ತೊಗಲಿನಂತೆ ಜೋತಿತ್ತು. ಬೇರೆಯವರ ಎದೆಗೆ ಹಚ್ಚಿದರೆ ಹೆತ್ತವಳ ಹಾಲು ತಿರುಗಿ ಬರುವುದಿಲ್ಲ ಎಂಬುದು ಊರ ನಂಬಿಕೆ.

"ಯವ್ವಾ, ಇದೂ ಹೋಗತೈತೇನ?" ಎಂದು ಸತ್ಯವ್ವ ಒಂದು ದಿನ ಕೇಳಿದಳು. ಅಳುತ್ತ ಕೇಳಿದ್ದರೆ ಕರೆವ್ವ ಗದರುತ್ತಿದ್ದಳು. ಅವಳು ಒಣಗಿದ ಕಣ್ಣಿನಿಂದ ಕೇಳಿದಳು.

"ಬಿಡ್ತು ಅನ್ನ! ನಾ ಜೀವಂತ ಇರೂತನಕ ಇದನ್ನ ಮಣ್ಣಿಗೆ ಕೊಡೂದಿಲ್ಲ," ಎಂದಳು ಕರೆವ್ವ. ಅಂದವಳೇ ಗಂಗೆಪೂಜೆ ಮಾಡಿಸಿ, ಬಾಣಂತಿಯ ತಲೆಗೆ ಕಂಬಳಿ ಕೊಪ್ಪೆ ಹಾಕಿ ಹಾಲವ್ವನ ಹತ್ತಿರ ಕರೆದುಕೊಂಡು ಹೋದಳು. ಇತ್ತ ಮನೆಯಲ್ಲಿ ಸಬ್ಬಸಿಗೆ ಪಲ್ಲೆ, ಬಳ್ಳೊಳ್ಳಿ, ಅಳವಿ ಪಾಯಸ, ಅಂಟಿನುಂಡಿ ಒಂದೂ ಬಿಡಲಿಲ್ಲ. ಹಾಲು ಬಂದರೆ ಪಾಯಸದಿಂದ ಬಂತೋ ಹಾಲವ್ವನಿಂದ ಬಂತೋ ಎಂದು ಕೇಳುವವರು ಕೇಳಲಿ. ಅವಳಿಗೆ ಬೇಕಾದದ್ದು ಹಾಲು.

ಆ ವರ್ಷ ಆಷಾಢದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಒಡ್ಡಿನ ಹಿಂದೆ ನೀರು ಯಾವತ್ತೂ ಇಲ್ಲದಷ್ಟು ನಿಂತಿತು. ಒಂದು ಮುಂಜಾನೆ ಸುಂದರವ್ವ ಓಡಿಬಂದು ಬಾಗಿಲಲ್ಲೇ ಕೂಗಿದಳು.

"ಕರೆವ್ವಕ್ಕಾ, ಬಾ ಇಲ್ಲೆ! ಹಾಲವ್ವ ಖರೇನ ಹಾಲು ಸುರಸಾಕ ಹತ್ಯಾಳ!"

ಹೌದು. ಬೆರಳು ದಪ್ಪ ಇದ್ದ ನೀರು ರಟ್ಟೆ ದಪ್ಪ ಆಗಿತ್ತು. ತಿಳಿ ಹೋಗಿ ಬೆಳ್ಳಗೆ, ಆಗತಾನೆ ಕರೆದ ಹಾಲಿನಂತೆ ಬರುತ್ತಿತ್ತು. ಹೆಂಗಸರು ತಂಬಿಗೆ, ಚರಗಿ ಹಿಡಿದು ಮುಗಿಬಿದ್ದರು. ದೇಗಾಂವದಿಂದ ಒಬ್ಬಾಕೆ ಆ ಮಳೆಯಲ್ಲಿ ಗಾಡಿ ಕಟ್ಟಿಸಿಕೊಂಡು ಬಂದಳು. ಕರೆವ್ವ ಕೆಸರಿನಲ್ಲೇ ಮೊಣಕಾಲೂರಿ, ಕಣ್ಣಲ್ಲಿ ನೀರು ಹಾಕಿಕೊಂಡು ಕೈಮುಗಿದಳು. ಆ ಬಿಳುಪನ್ನು ಎಲ್ಲೋ ನೋಡಿದ್ದೇನೆ ಎಂದು ಒಳಗೆ ಏನೋ ಮಿಸುಕಿತು. ಆದರೆ ಮೊಮ್ಮಗಳ ಹಸಿದ ಬಾಯಿಯ ಮುಂದೆ ಅದು ಎಷ್ಟರ ಮಾತು? ಮಿಸುಕಿದ್ದು ಅಲ್ಲೇ ಸುಮ್ಮನಾಯಿತು.

ಊರಗೌಡ ನಿಜಗುಣಪ್ಪ ಮಾತ್ರ ಚಾವಡಿಯಲ್ಲಿ ಲಗಮಣ್ಣನನ್ನು ಕರೆದು ಕೇಳಿದ.

"ನೀರಿನ ಬಣ್ಣ ಬ್ಯಾರೆ ಆಗೈತಿ ಅಂತಾರಲ್ಲೋ. ಸಾಹೇಬ್ರಿಗೆ ಹೇಳಿ ಕಳಸೂಣೇನು?"

"ನಾ ದಿನಾ ನೋಡತೇನ್ರಿ ಗೌಡ್ರ. ರಾಡಿ ಅಂದ್ರ ಕರ್ರಗ ಇರತೈತ್ರಿ, ನಮ್ಮ ಎರಿ ಹೊಲದ ನೀರಿನಂಗ. ಇದು ಮಲ್ಲಿಗಿ ಹೂವಿನಂಗ ಐತ್ರಿ. ರಾಡಿ ಆದ್ರ ಹೇಳು ಅಂದಾರ ಸಾಹೇಬ್ರು, ಹಾಲು ಆದ್ರ ಹೇಳು ಅಂದಿಲ್ರಿ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಗೌಡನೂ ನಕ್ಕ. ಲಗಮಣ್ಣ ಸುಳ್ಳು ಹೇಳಿರಲಿಲ್ಲ. ಈ ಸೀಮೆಯಲ್ಲಿ ರಾಡಿ ಎಂದರೆ ಕರಿಯದೇ. ಬಿಳಿ ರಾಡಿಯನ್ನು ಕಂಡವರು ಯಾರು? ಆ ಒಂದು ಶಬ್ದ ಸಾಹೇಬನ ಬಾಯಲ್ಲಿ ಒಂದಾಗಿ, ಊರವರ ಕಿವಿಯಲ್ಲಿ ಇನ್ನೊಂದಾಗಿ ಕುಂತಿತ್ತು. ತೂಬು ಮುಚ್ಚಿದ್ದು ಮುಚ್ಚಿಯೇ ಇತ್ತು.

ಶುಕ್ರವಾರ ಬೆಳಿಗ್ಗೆ ಸತ್ಯವ್ವ ಒಲೆಯ ಮುಂದೆ ಕುಂತಿದ್ದ ತಾಯಿಯ ಹತ್ತಿರ ಬಂದು, ಅವಳ ಕೈ ಹಿಡಿದು ತನ್ನ ಕುಪ್ಪಸಕ್ಕೆ ಮುಟ್ಟಿಸಿದಳು. ತೊಯ್ದಿತ್ತು.

"ಎದಿ ಬಿಗದೈತಿ ಯವ್ವಾ. ನೋವಾಗಾಕ ಹತ್ತೈತಿ," ಎಂದು ನಕ್ಕಳು. ಜ್ವರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಕೂಸು ಬಾಯಿ ಹಚ್ಚಿತು. ಗುಟುಕರಿಸುವ ಸದ್ದು ಕರೆವ್ವನ ಕಿವಿಗೆ ಬಿತ್ತು. ಅಯ್ಯೋ, ಎಂಥ ಸದ್ದು ಅದು! ಪರಸಪ್ಪ ಕೂಡ ಪಡಸಾಲೆಯಿಂದ ಎದ್ದು ಬಂದು, ಒಳಗೆ ಬರಲು ನಾಚಿ, ಬಾಗಿಲ ಮರೆಯಲ್ಲೇ ನಿಂತು ಕೇಳಿದ. ಮಾಯವ್ವ ಹೊಟ್ಟೆ ಬಿರಿಯುವ ಹಾಗೆ ಕುಡಿದು, ತುಟಿಯ ಮೇಲೆ ಹಾಲು ಇಟ್ಟುಕೊಂಡೇ ನಿದ್ದೆ ಹೋಯಿತು.

"ಇವತ್ತ ಹೋಗಿ ಉಡಿ ತುಂಬಿ ಬಾ," ಎಂದಳು ಕರೆವ್ವ. ಬೈಲಹೊಂಗಲದ ಸಂತೆಯಿಂದ ತರಿಸಿಟ್ಟ ಖಣ, ಕಾಯಿ ಪೆಟ್ಟಿಗೆಯಲ್ಲಿದ್ದವು.

"ಮಳಿ ಐತಲ್ಲ ಯವ್ವಾ. ಮಂಗಳವಾರ ಹೋದರ ಆಗಂಗಿಲ್ಲೇನ? ಪಂಚಮಿ ಮುಗಿಸೇ ರಾಮದುರ್ಗಕ್ಕ ಹೋಗೂದೈತಿ, ಇನ್ನೂ ದಿನಾ ಅದಾವ."

"ಆಕಿ ಕೊಟ್ಟಾಳ, ನಾವು ತಡಾ ಮಾಡೂದು ಚಲೋ ಅಲ್ಲ. ಹೋದ ವರ್ಷದ್ದು ಮರತೀಯೇನ?"

ಹೋದ ವರ್ಷದ ಮಾತು ತೆಗೆದ ಮೇಲೆ ಸತ್ಯವ್ವ ಎದ್ದು ಖಣ, ಕಾಯಿ ಕಟ್ಟಿಕೊಂಡಳು. ಕಂಬಳಿ ಕೊಪ್ಪೆ ಹಾಕಿಕೊಂಡಳು. ಹೊಸ್ತಿಲಲ್ಲಿ ನಿಂತು, "ನಾ ಬರೂದ್ರಾಗ ಎದ್ದರ ಅಳಸಬ್ಯಾಡ. ಬಂದ ಕುಡಸತೇನಿ," ಎಂದು ಹೋದಳು.

"ಯಾರು ಕೂಗಿದರೂ ಹೊರಳಿ ನೋಡಬ್ಯಾಡ ಮತ್ತ!" ಎಂದು ಕರೆವ್ವ ಹಿಂದಿನಿಂದ ಕೂಗಿ ಹೇಳಿದಳು.

ಮನೆಯೊಳಗೆ ಮೋಡದ ಕತ್ತಲು. ಸ್ವಲ್ಪ ಹೊತ್ತಿಗೆ ತೊಟ್ಟಿಲು ಮಿಸುಕಿತು, ಕೂಸು ಕುಂಯ್ ಎಂದಿತು. ಕರೆವ್ವ ಎದ್ದವಳು ಕಂಬದ ಬುಡಕ್ಕೆ ಇದ್ದ ಗಂಗಾಳವನ್ನು ಕಂಡಳು. ಅದರ ತಳದಲ್ಲಿ ಹಾಲು. "ನೋಡು ನನ್ನ ಮಗಳ ಜಾಣತನ! ಎದಿ ಬಿಗದೈತಿ ಅಂತ ಹಿಂಡಿ ಇಟ್ಟು ಹೋಗ್ಯಾಳ," ಎಂದುಕೊಂಡಳು. ಬತ್ತಿ ತಂದಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಾಲು ಬೆಚ್ಚಗಿದೆಯೋ ತಣ್ಣಗಾಗಿದೆಯೋ ಎಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು.

ಮಣ್ಣು.

ಅವಳು ನೋಡುತ್ತಿದ್ದಂತೆಯೇ ಮೇಲಿನಿಂದ ಇನ್ನೊಂದು ಹನಿ ಗಂಗಾಳಕ್ಕೆ ಬಿತ್ತು. ಬೆಳ್ಳಗಿನ ಹನಿ. ಮಗಳ ಬಾಣಂತನದ ಗಡಿಬಿಡಿಯಲ್ಲಿ ಈ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಿಸಿರಲಿಲ್ಲ. ಹಳೆಯ ಹಾಳಮಣ್ಣು ಕರಗಿ ಸೋರುತ್ತಿತ್ತು. ಪರಸಪ್ಪ ಸೋರುವ ಕಡೆಗೆ ಗಂಗಾಳ ಇಟ್ಟು ದನಗಳ ಕಡೆ ಹೋಗಿದ್ದ, ಅಷ್ಟೇ.

ನಾಲಿಗೆಯ ಮೇಲಿನ ಆ ರುಚಿ ಅವಳಿಗೆ ಹೊಸದಲ್ಲ. ಬರದ ವರ್ಷ ಬೆವರಿನ ಜೊತೆ ಬಾಯಿಗೆ ಇಳಿಯುತ್ತಿದ್ದ ರುಚಿ. ಗೌಳ್ಯಾರಾಕಿ. ತುಳುಕುವ ಹಾಲು. ಒಡ್ಡಿನ ಹೊಟ್ಟೆಯಲ್ಲಿ ಇರುವುದು ಇದೇ ಮಣ್ಣು, ತಾನೇ ಹೊತ್ತು ಹಾಕಿದ್ದು, ಮಗಳು ತುಳಿದದ್ದು. ಅದು ಕರಗಿ ಹೊರಗೆ ಬರುತ್ತಿದೆ. ಅದನ್ನು ಹಾಲು ಎಂದು ಕೈಮುಗಿದು, ಅದರ ಬುಡಕ್ಕೇ ಮಗಳನ್ನು ಕಳಿಸಿದ್ದೇನೆ.

ಕೂಸನ್ನು ಎದೆಗೆ ಅವಚಿಕೊಂಡು ಮೇಲಿನ ಓಣಿಯಿಂದ ಕೆಳಗೆ ಓಡಿದಳು. "ಒಡ್ಡು ಕರಗೈತಿ! ಹಾಲಲ್ಲ, ಮಣ್ಣು! ಏಳ್ರೋ, ದಿಬ್ಬಾ ಹತ್ರೋ!" ಕೆಳಗಿನ ಓಣಿಯಲ್ಲಿ ಒಂದೊಂದೇ ಬಾಗಿಲು ತೆರೆದವು. ಮೊದಲು ಇವಳಿಗೆ ತಲೆ ಕೆಟ್ಟಿತು ಎಂದುಕೊಂಡ ಜನ, ಇವಳ ಮುಖ ನೋಡಿ ಮಕ್ಕಳನ್ನು ಎತ್ತಿಕೊಂಡು ದಿಬ್ಬದ ಕಡೆ ಓಡಿದರು. ಎದುರಿಗೆ ಸಿಕ್ಕ ಸುಂದರವ್ವನ ಕೈಯಲ್ಲಿ ಕೂಸನ್ನು ತುರುಕಿ ಕರೆವ್ವ ಒಡ್ಡಿನ ದಾರಿ ಹಿಡಿದಳು.

ಏರು ಹತ್ತಿದಾಗ ಕಂಡಳು. ಕಲ್ಲಿನ ಮುಂದೆ ಕಂಬಳಿ ಕೊಪ್ಪೆ, ಬೆನ್ನು ಈ ಕಡೆ. ಖಣ ಬಿಚ್ಚಿ ಹಾಸುತ್ತಿದ್ದಳು. ನೀರು ಈಗ ತೊಡೆ ದಪ್ಪ ಬೀಳುತ್ತಿತ್ತು.

"ಸತ್ಯವ್ವಾ! ಬಾರವ್ವಾ, ಓಡಿ ಬಾ!"

ಸತ್ಯವ್ವ ಹೊರಳಲಿಲ್ಲ.

"ನಿನ್ನ ಕಾಲಿಗಿ ಬೀಳತೇನಿ, ಹೊರಳಿ ನೋಡ! ನಾ ನಿಮ್ಮವ್ವ!"

ಸತ್ಯವ್ವ ಒಂದು ಕೈ ಎತ್ತಿ, ತಡಿ, ಬಂದೆ, ಎಂಬಂತೆ ಆಡಿಸಿದಳು. ಇನ್ನೊಂದು ಕೈಯಲ್ಲಿ ಅಕ್ಕಿ ಸುರಿಯುತ್ತಿದ್ದಳು. ಹೊರಳಿದರೆ ಹಾಲು ಹಿಂದಕ್ಕೆ ಹೋಗುತ್ತದಲ್ಲ. ಅವ್ವನೇ ಹೇಳಿಕೊಟ್ಟದ್ದಲ್ಲ.

ಕಲ್ಲಿನ ಮೇಲ್ಗಡೆ ಒಡ್ಡಿನ ಮೈ ಸದ್ದಿಲ್ಲದೆ ಒಳಗೆ ಕುಸಿಯಿತು. ಆಮೇಲೆ ಬಂತು ಸದ್ದು. ಬೆಳ್ಳಗಿನ ನೀರು ಒಂದು ಕ್ಷಣ, ಅದರ ಬೆನ್ನಿಗೇ ಕರ್ರಗಿನದು. ಹಿಂದಿನಿಂದ ಓಡಿಬಂದ ಲಗಮಣ್ಣ ಕರೆವ್ವನ ರಟ್ಟೆ ಹಿಡಿದು ಎಳೆಯದಿದ್ದರೆ ಅವಳೂ ಹೋಗುತ್ತಿದ್ದಳು. ಅವನು ಎಳೆದದ್ದಕ್ಕೆ ಅವಳು ಅವನನ್ನು ಬಹಳ ದಿನ ಕ್ಷಮಿಸಲಿಲ್ಲ.

ಕೆಳಗಿನ ಓಣಿ ಪೂರ್ತಿ ಕೊಚ್ಚಿಹೋಯಿತು, ಆದರೆ ಜನ ಉಳಿದರು. "ಕರೆವ್ವಕ್ಕ, ನೀ ಊರು ಉಳಿಸಿದಿ," ಎಂದು ಹೆಂಗಸರು ಬಂದು ಕಾಲು ಮುಟ್ಟಿದರು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಓವರಸೀರ ಸಾಹೇಬ ಬಂದು, ಒಡೆದ ಒಡ್ಡಿನ ಸೀಳಿನಲ್ಲಿ ಕಾಣುತ್ತಿದ್ದ ಬಿಳಿ ಪಟ್ಟೆಯನ್ನು ನೋಡಿ, ತಲೆಯ ಮೇಲಿನ ರುಮಾಲು ತೆಗೆದು ನಿಂತ. ಲಗಮಣ್ಣ ಅವನ ಮುಂದೆ ಮಗುವಿನಂತೆ ಅತ್ತ. "ರಾಡಿ ಆಗಿರಲಿಲ್ರಿ ಸಾಹೇಬ್ರ. ಖರೇನ ಆಗಿರಲಿಲ್ರಿ."

ಹಳ್ಳ ಮಲಪ್ರಭೆಯನ್ನು ಸೇರುತ್ತದೆ, ಮಲಪ್ರಭೆ ರಾಮದುರ್ಗದ ಮುಂದೆ ಹಾದು ಹೋಗುತ್ತದೆ. ಸುದ್ದಿ ಮುಟ್ಟಿದಾಗ ಬೀರಪ್ಪ ಇಲ್ಲಿಗೆ ಬರಲಿಲ್ಲ. "ಹೊಳಿ ನಮ್ಮೂರ ಮುಂದನ ಬರತೈತಿ. ನಾ ಇಲ್ಲೇ ಕಾಯತೇನಿ," ಎಂದು ಹೇಳಿ ಕಳಿಸಿದ. ಪಂಚಮಿ ಮುಗಿಸಿ ಗಾಡಿಯಲ್ಲಿ ಬರಬೇಕಾದ ಹೆಂಡತಿಯನ್ನು ಹೊಳೆ ಇಳಿಯುವ ತನಕ ದಂಡೆಯ ಮೇಲೆ ನಿಂತು ಕಾದ. ಅವಳು ಸಿಗಲಿಲ್ಲ. ಆಮೇಲೆ ಒಂದು ದಿನ ಬಂದು ಕೂಸನ್ನು ನೋಡಿ, "ಇದು ನಿಮ್ಮ ಹತ್ರನ ಇರಲಿ ಅತ್ತಿ," ಎಂದು ತಲೆ ಬಗ್ಗಿಸಿಕೊಂಡು ಹೋದ.

ಕೂಸು ಬದುಕಿತು. ಸುಂದರವ್ವನ ಮಗ ಇನ್ನೂ ಎದೆ ಬಿಟ್ಟಿರಲಿಲ್ಲ. ಅವಳು ಮಾಯವ್ವನನ್ನೂ ಹಚ್ಚಿಕೊಂಡಳು. ಓಣಿಯ ಬೇರೆ ತಾಯಂದಿರೂ ಕರೆದು ಕುಡಿಸಿದರು. ಯಾರೂ ಆ ಹಾಲಿಗೆ ಹೆಸರಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಡ್ಡನ್ನು ಮತ್ತೆ ಕಟ್ಟಿದರು. ಈ ಸಲ ಹೊಟ್ಟೆಗೆ ತುಂಬುವ ಮಣ್ಣು ದೂರದಿಂದ ಗಾಡಿಗಳಲ್ಲಿ ಬಂತು. ಕರೆವ್ವ ಒಂದು ಬುಟ್ಟಿಯನ್ನೂ ಮುಟ್ಟಲಿಲ್ಲ. ಆದರೆ ಮಳೆ ಹಿಡಿದ ಮೇಲೆ ದಿನಾ ಒಡ್ಡಿನ ಬುಡಕ್ಕೆ ಹೋಗಿ ಅಂಗೈ ಇಟ್ಟು ನೋಡಿ ಬರುತ್ತಿದ್ದಳು. ಲಗಮಣ್ಣನೂ ಅಲ್ಲೇ ಇರುತ್ತಿದ್ದ.

ಒಂದು ಸಂಜೆ ಆಡಿನ ಹಾಲು ಕಾಸಿ ಬಟ್ಟಲಿಗೆ ಹಾಕುತ್ತಿದ್ದಾಗ, ಕಂಬ ಹಿಡಿದು ನಿಂತಿದ್ದ ಮಾಯವ್ವ ಬಟ್ಟಲಿನ ಕಡೆ ಬೆರಳು ತೋರಿಸಿತು. "ಆಲು," ಎಂದಿತು. ಅದರ ಬಾಯಿಂದ ಬಂದ ಮೊದಲ ಮಾತು. "ಆಲು! ಆಲು!"

ಕರೆವ್ವ ಬಟ್ಟಲನ್ನು ಕೆಳಗೆ ಕುಕ್ಕಿದಳು. ಸೆರಗು ಜಾರಿದ್ದೂ ತಿಳಿಯದೆ ಹೊಸ್ತಿಲು ದಾಟಿ ಒಡ್ಡಿನ ಕಡೆ ಓಡಿದಳು. ಅಂಗಳದಲ್ಲಿ ಪರಸಪ್ಪ ಅಡ್ಡ ಬಂದು ಅವಳ ಭುಜ ಹಿಡಿದ.

"ಕೂಸು ಹಾಲು ಕೇಳಾಕ ಹತ್ತೈತಿ ಬಾ," ಎಂದ ಮೆತ್ತಗೆ. "ಮನಿಯಾಗಿನ ಹಾಲು. ಆಡಿನ ಹಾಲು."

ಅವಳು ತಿರುಗಿ ಬಂದು ಕುಂತಳು. ಕೂಸನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಟ್ಟಲಿನಲ್ಲಿ ಬೆರಳು ಅದ್ದಿ ಮೊದಲು ತನ್ನ ನಾಲಿಗೆಗೆ ಹಚ್ಚಿ ನೋಡಿದಳು. ಹಾಲೇ. ಆಮೇಲೆ ಕುಡಿಸಿದಳು.